ಡ್ರಮ್ಮಿನಲ್ಲಿಟ್ಟ ರೇಷ್ಮೆ ಸೀರೆ

ಉಡುಗೊರೆ ಕೊಡುವುದು ಬಹಳ ಸುಲಭದ ಕೆಲಸವೆಂದು ನಾನು ನಂಬಿದ್ದೆ. ಕೊಟ್ಟು ಗೊತ್ತಿಲ್ಲದವರೆಲ್ಲ ಹಾಗೇ ನಂಬಿರುತ್ತಾರೆ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಾದರೂ ಹೆಂಡತಿ ನಾಗವೇಣಿಗೆ ನಾನಾಗಿ ಒಂದು ಕರ್ಚೀಫನ್ನೂ ತಂದುಕೊಟ್ಟವನಲ್ಲ. ಈ ಬೇಸಿಗೆಯಲ್ಲಿ ಅದನ್ನು ಸರಿಪಡಿಸಲು ಹೊರಟೆ. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ನಾಗವೇಣಿ ನಮ್ಮೂರು ಮಂಕಿಯ ಶಾಲೆಯಲ್ಲಿ ಬಹಳ ವರ್ಷ ಬಿಸಿಯೂಟ ಬೇಯಿಸಿದವಳು. ನಾವು ಮೀನು ತಿನ್ನುವವರು. ಆದರೆ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅವಳು ಮೀನು ಮುಟ್ಟುತ್ತಿರಲಿಲ್ಲ, ಶಾಲೆಯ ಸೀರೆಯನ್ನು ಬೇರೆಯೇ ಇಡುತ್ತಿದ್ದಳು. ಅಡಿಗೆಯವಳ ಕೈಗೆ ಮೀನಿನ ವಾಸನೆ ಇದೆ ಎಂದು ಯಾರೂ ಹೇಳಬಾರದು ಎನ್ನುವುದು ಅವಳ ಹಟ. ಯಾರೂ ಹೇಳಲೂ ಇಲ್ಲ. ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸಾವಿತ್ರಿ ಅಕ್ಕೋರು ನಿವೃತ್ತರಾಗಿ ಈಗ ಕುಮಟೆಯಲ್ಲಿದ್ದಾರೆ. ತೋಟದ ಮನೆತನದವರು, ಈರುಳ್ಳಿಯನ್ನೂ ಮುಟ್ಟದವರು. ಮಗಳ ಮದುವೆಗೆ ಕರೆಯಲು ಮಂಕಿಗೆ ಅವರೇ ಬಂದರು. ನಾಗವೇಣಿ ತಮ್ಮ ಜೊತೆ ಮುಂದಿನ ಸಾಲಿನಲ್ಲೇ ಕೂರಬೇಕು, ವೇದಿಕೆ ಹತ್ತಿ ಮಗಳಿಗೆ ಅಕ್ಷತೆ ಹಾಕಬೇಕು ಎಂದು ಕೈ ಹಿಡಿದು ಹೇಳಿ ಹೋದರು.

ಅವರು ಹೋದ ಮೇಲೆ ನಾಗವೇಣಿ ಕಪಾಟು ತೆಗೆದಳು. ಮುಚ್ಚಿದಳು. ಮತ್ತೆ ತೆಗೆದಳು. ಮುಂದಿನ ಸಾಲಿನಲ್ಲಿ ಕೂರುವಂಥ ಸೀರೆ ಅದರಲ್ಲಿ ಇರಲಿಲ್ಲ. ನಿನಗೆ ಏನು ಬೇಕು ಹೇಳು, ತರುತ್ತೇನೆ ಎಂದು ನಾನು ಗಂಭೀರವಾಗಿ ಘೋಷಿಸಿದೆ.

"ನಂಗೆ ಎಂತದೂ ಬ್ಯಾಡ" ಎಂದಳು.

"ಎಂತಾರೂ ಹೇಳು ಮಾರಾಯ್ತಿ."

"ಎಂತ ಬೇಕು ಹೇಳಿ ನಂಗೇ ಗೊತ್ತಿಲ್ಲ. ಗೊತ್ತಿದ್ರೆ ಇಷ್ಟು ವರ್ಷದಲ್ಲಿ ಕೇಳ್ತಿರ್ಲಿಲ್ವಾ?"

ಮಾರನೇ ದಿನವೇ ಭಟ್ಕಳಕ್ಕೆ ಹೋದೆ. ಅಂಗಡಿಯವನು, ಅಮ್ಮನಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ. ಅದು ಅಮ್ಮನಿಗೇ ಗೊತ್ತಿಲ್ಲ ಎಂದೆ. ತೆಂಗಿನಗುಂಡಿ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಂಡು ಮುದುಕನಾದ ನನಗೆ ಗೊತ್ತಿದ್ದದ್ದು ಒಂದೇ ಬಣ್ಣ, ಬೋಟಿಗೆ ಬಳಿಯುವ ನೀಲಿ. ಅದನ್ನೇ ಆರಿಸಿದೆ. ರೇಷ್ಮೆ, ಹಳದಿ ಅಂಚು. ನೀರಿಗೆ ಇಳಿಸಲು ತಯಾರಾದ ಹೊಸ ಬೋಟಿನ ಹಾಗೆ ಹೊಳೆಯುತ್ತಿತ್ತು!

ಮದುವೆಯ ದಿನ ಬೆಳಿಗ್ಗೆ ಕೊಟ್ಟು ಅವಳನ್ನು ಬೆರಗುಗೊಳಿಸುವುದು ನನ್ನ ಯೋಜನೆ. ಅಲ್ಲಿಯವರೆಗೆ ಅಡಗಿಸಿಡುವುದು ಎಲ್ಲಿ? ನಮ್ಮ ಮನೆಯಲ್ಲಿ ನಾಗವೇಣಿಯ ಕೈ ಹೋಗದ ಜಾಗವಿಲ್ಲ. ಅಟ್ಟ ಗುಡಿಸುತ್ತಾಳೆ, ನನ್ನ ಹಾಸಿಗೆ ಕೊಡವುತ್ತಾಳೆ. ಯೋಚಿಸಿ ಯೋಚಿಸಿ ಒಂದು ಜಾಗ ಹೊಳೆಯಿತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವವರಿಲ್ಲ, ಹಸಿ ಮೀನು ಅಪರೂಪ. ಅದಕ್ಕಾಗಿ ಅವಳು ಬೇಸಿಗೆಯಲ್ಲೇ ಸಿಗಡಿ ಒಣಗಿಸಿ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಬಾಯಿ ಬಿಗಿದು ಇಡುತ್ತಾಳೆ. ಮಳೆ ಹಿಡಿಯುವವರೆಗೆ ಮುಚ್ಚಳ ತೆಗೆಯಬಾರದು ಎನ್ನುವುದು ಅವಳೇ ಮಾಡಿದ ಕಾನೂನು.

ಇದಕ್ಕಿಂತ ಭದ್ರವಾದ ಕಪಾಟು ಹೊನ್ನಾವರ ತಾಲೂಕಿನಲ್ಲೇ ಇಲ್ಲ ಅನ್ನಿಸಿತು. ಸೀರೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಆ ಚೀಲವನ್ನು ಇನ್ನೊಂದರೊಳಗೆ ಹಾಕಿ, ಒಣ ಸಿಗಡಿಯ ನಡುವೆ ಹುಗಿದೆ. ಆ ಹೊತ್ತು ನನಗೆ ನನ್ನ ಬುದ್ಧಿಯ ಮೇಲೆ ಬಂದ ಗೌರವ ಹಿಂದೆಂದೂ ಬಂದಿರಲಿಲ್ಲ!

ಮದುವೆಯ ಹಿಂದಿನ ದಿನ ಅವಳು ಬಾವಿಯ ಕಡೆ ಹೋದಾಗ ಮೆಲ್ಲಗೆ ತೆಗೆದು ನೋಡಿದರೆ ಎರಡೂ ಚೀಲ ತೂತು. ಇಲಿಯೋ, ಸಿಗಡಿಯ ಮೀಸೆಯೋ, ಹೇಳುವಂತಿಲ್ಲ. ಮಡಿಕೆಗಳ ಒಳಗೆ ಅಲ್ಲಲ್ಲಿ ಸಿಗಡಿಗಳು ಬಾಡಿಗೆದಾರರ ಹಾಗೆ ಮಲಗಿದ್ದವು. ಕೊಡವಿದೆ. ಮೂಸಿದೆ. ಏನೂ ವಾಸನೆ ಇಲ್ಲ.

ಇಲ್ಲಿ ಓದುಗರಿಗೆ ಒಂದು ವಿಷಯ ಒಪ್ಪಿಸಬೇಕು. ಐಸ್ ಫ್ಯಾಕ್ಟರಿಯ ಅಮೋನಿಯಾ ಗಾಳಿ ಕುಡಿದು ಕುಡಿದು ನನ್ನ ಮೂಗು ಎಂದೋ ನಿವೃತ್ತಿಯಾಗಿದೆ. ಅನ್ನ ಸೀದು ಕರಕಲಾದರೂ ನಾನು ಜಗುಲಿಯಲ್ಲಿ ಪೇಪರು ಓದುತ್ತಿರುತ್ತೇನೆ. ಇದು ನನಗೆ ಗೊತ್ತಿತ್ತು. ಆ ದಿನ ಮಾತ್ರ ಮರೆತುಹೋಯಿತು.

ಆದರೂ ಮುನ್ನೆಚ್ಚರಿಕೆ ಇರಲಿ ಎಂದು ಅತ್ತರು ತೆಗೆದೆ. ಭಟ್ಕಳದ ಗೆಳೆಯ ಇಸ್ಮಾಯಿಲ್ ಸಾಹೇಬರು ಹಬ್ಬಕ್ಕೆ ಕೊಟ್ಟ ಸೀಸೆ. ಒಂದು ಹನಿ ಸಾಕು ಎಂದು ಹೇಳಿಯೇ ಕೊಟ್ಟಿದ್ದರು. ನಾನು ಇಡೀ ಸೀಸೆ ಸುರಿದೆ.

ಬೆಳಿಗ್ಗೆ ಸೀರೆ ನೋಡಿದ ನಾಗವೇಣಿ ಅದನ್ನು ಮಡಿಲಲ್ಲಿಟ್ಟುಕೊಂಡಳು. ಅಂಚನ್ನು ಬೆರಳಿನಲ್ಲಿ ಸವರಿದಳು. ಅತ್ತರಿನ ಘಾಟಿಗೆ ಎರಡು ಸೀನು ಸೀನಿ, ನೀವು ಅಂಗಡಿಯಿಂದ ತಂದದ್ದೋ ಮಸೀದಿಯಿಂದ ತಂದದ್ದೋ ಎಂದು ಕೇಳಿದಳು. ಆದರೆ ನಗುತ್ತಲೇ ಕೇಳಿದಳು. ರವಿಕೆಯ ಯೋಚನೆ ನನಗೆ ಬಂದೇ ಇರಲಿಲ್ಲ; ಹಳೆಯದರಲ್ಲಿ ಹೊಂದುವುದನ್ನು ಅವಳೇ ಹುಡುಕಿಕೊಂಡಳು. ಸಿಗಡಿಯ ವಾಸನೆ ಅವಳಿಗೆ ಬಡಿಯಲಿಲ್ಲವೇ ಎಂದು ನೀವು ಕೇಳಬಹುದು. ಆ ತಿಂಗಳಲ್ಲಿ ನಮ್ಮ ಕೇರಿಯ ಅಂಗಳಗಳಲ್ಲೆಲ್ಲ ಮೀನು ಒಣಗುತ್ತಿರುತ್ತದೆ. ಊರಿಗೇ ಇರುವ ವಾಸನೆಯನ್ನು ಸೀರೆಯಲ್ಲಿ ಯಾರು ಹುಡುಕುತ್ತಾರೆ?

ಕುಮಟೆಯ ಕಲ್ಯಾಣಮಂಟಪದಲ್ಲಿ ಸೆಖೆಯೋ ಸೆಖೆ. ಅಕ್ಕೋರು ನಾಗವೇಣಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಸೀರೆಯ ಕೀರ್ತಿಯನ್ನು ಅನುಭವಿಸುತ್ತ ಕೂತೆ. ಬೆವರು ಇಳಿದ ಹಾಗೆ ಅತ್ತರು ಹಾರಿತು. ಅತ್ತರು ಹಾರಿದ ಹಾಗೆ ಸಿಗಡಿ ಎದ್ದಿತು.

ಮೊದಲು ಒಬ್ಬ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಎಂತದೋ ನಾತ ಬತ್ತಾ ಇದ್ದು" ಎಂದರು. ಸಾಲಿಗೆ ಸಾಲೇ ಮೂಸತೊಡಗಿತು. ಯಾರೋ ಅಡಿಗೆಮನೆಗೆ ಹೋಗಿ ವಿಚಾರಿಸಿದರು. ಅಡಿಗೆಯ ಭಟ್ಟರು ಸಾರಿನ ಸೌಟು ಹಿಡಿದೇ ಹೊರಬಂದು, ತನ್ನ ಅಡಿಗೆಗೆ ಇಂಥ ಮಾತು ಕೇಳಿಸಿಕೊಳ್ಳಲು ಬಂದವನಲ್ಲ ಎಂದು ಸಿಟ್ಟಾದರು. ಮೂಗೇ ಇಲ್ಲದ ನಾನು ಸುಮ್ಮನಿದ್ದೆನೇ? ಎದ್ದು ಮುಂದಾಳತ್ವ ವಹಿಸಿದೆ! ಇದು ಗಟಾರದ್ದೇ ವಾಸನೆ ಎಂದು ತೀರ್ಪು ಕೊಟ್ಟು, ನಾಲ್ಕು ಜನರನ್ನು ಕರೆದುಕೊಂಡು ಮಂಟಪದ ಹಿಂದೆಲ್ಲ ತಪಾಸಣೆ ಮಾಡಿ ಬಂದೆ.

ಬರುವಷ್ಟರಲ್ಲಿ ನಾಗವೇಣಿ ಅಕ್ಕೋರ ಕೈ ಹಿಡಿದು ವೇದಿಕೆ ಹತ್ತಿದ್ದಳು. ಅಕ್ಷತೆ ಹಾಕಲು ಮದುಮಗಳ ಮುಂದೆ ಬಗ್ಗಿದಳು. ನೆರಿಗೆಯಿಂದ ಏನೋ ಜಾರಿ ಮಣೆಯ ಹತ್ತಿರ ಬಿತ್ತು.

ಒಂದು ಒಣ ಸಿಗಡಿ.

ಅವಳು ಅದನ್ನು ನೋಡಿದಳು. ಆಮೇಲೆ ಸೀರೆಯನ್ನು ನೋಡಿದಳು. ಕೊನೆಗೆ ಕೆಳಗೆ ನಿಂತ ನನ್ನನ್ನು. ಅಷ್ಟು ವರ್ಷ ಬೆಳಿಗ್ಗೆ ಮೀನು ಮುಟ್ಟದೆ ಕಾಪಾಡಿಕೊಂಡದ್ದನ್ನು ನಾನು ಒಂದೇ ಸೀರೆಯಲ್ಲಿ ಕಳೆದಿದ್ದೆ. ಇಳಿಯಲು ತಿರುಗಿದವಳ ಕೈಯನ್ನು ಅಕ್ಕೋರು ಬಿಡಲಿಲ್ಲ. ಕರ್ಚೀಫಿನಲ್ಲಿ ಸಿಗಡಿಯನ್ನು ತಾವೇ ಎತ್ತಿದರು.

"ನೀನು ಇಷ್ಟು ವರ್ಷ ಬಡಿಸ್ದೆ, ಒಂದು ದಿನವೂ ನಿನ್ನ ಹತ್ರ ಈ ವಾಸನೆ ಬಂದದ್ದಿಲ್ಲೆ. ಇದು ನಿನ್ನ ಕೆಲಸ ಅಲ್ಲ" ಎಂದರು. ಯಾರ ಕೆಲಸ ಎಂದು ಹೇಳಲಿಲ್ಲ. ನನ್ನನ್ನು ನೋಡಿದರು, ಅಷ್ಟೇ. ಇಡೀ ಮಂಟಪ ಅವರ ಕಣ್ಣು ಹೋದ ಕಡೆ ನೋಡಿತು.

ವಾಪಸು ಬರುವಾಗ ಬಸ್ಸು ತುಂಬಿದ್ದರೂ ನಮ್ಮ ಸುತ್ತ ಮಾತ್ರ ಸೀಟು ಖಾಲಿ. ನಾಗವೇಣಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊನ್ನಾವರದ ಸೇತುವೆ ದಾಟುವಾಗ ಬಾಯಿಬಿಟ್ಟಳು.

"ನಂಗೆ ಎಂತ ಬೇಕು ಹೇಳಿ ಈಗ ಗೊತ್ತಾತು."

ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕಿತೆಂದು ನಾನು ಆಸೆಯಿಂದ ತಿರುಗಿದೆ. "ಎಂತ?"

"ಒಂದು ಮೂಗು. ನಿಮ್ಗೆ."

ಮರುವಾರವೇ ಹೊನ್ನಾವರದ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಕಟ್ಟಡ ಚೆನ್ನಾಗಿದೆ, ಒಳಗೆ ಯಾರೂ ವಾಸವಿಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ಸೀರೆಯನ್ನು ಅವಳು ಎಸೆದಿಲ್ಲ. ಅಂಟುವಾಳದ ನೊರೆಯಲ್ಲಿ ತೊಳೆದು ತೊಳೆದು ಜಗುಲಿಯ ತಂತಿಗೆ ಹಾಕುತ್ತಾಳೆ. ಪಕ್ಕದ ಮನೆಯವರನ್ನು ಕರೆದು ಮೂಸಿಸುತ್ತಾಳೆ. ಅವರು ಇನ್ನೂ ಹೋಗಿಲ್ಲ ಎಂದು ತಲೆ ಅಡ್ಡ ಆಡಿಸಿ ಹೋಗುತ್ತಾರೆ. ಅವಳು ಒಳಗೆ ಹೋದ ಮೇಲೆ ನಾನೂ ಕದ್ದು ಒಮ್ಮೆ ಮೂಸುತ್ತೇನೆ. ಸ್ವಲ್ಪವೂ ವಾಸನೆ ಇಲ್ಲ. ಆದರೆ ಅದನ್ನು ಹೇಳಲು ಈಗ ನನಗೆ ಧೈರ್ಯವಿಲ್ಲ.