ಕಾರಿನ ಬೆಲ್ಟು, ಸಿರುಗುಪ್ಪದ ತೊಟ್ಟಿಲು

ನಾನು ಸ್ಪ್ಯಾನರ್ ಹಿಡಿದ್ರ ಸಾಕು, ಮನಿಮಂದಿ ಏನರ ಒಂದು ಮಾಡೇ ಬಿಡ್ತಾರ. ಬಳ್ಳಾರಿ ಕಂಟೋನ್ಮೆಂಟಿನ್ಯಾಗ ಹಿಟ್ಟಿನ ಗಿರಣಿ ನಡಸಾಕಿ ನಾನು. ಬೆಲ್ಟು ಬದಲಿಸೋದು ನನಗೇನು ಹೊಸದಲ್ಲ.

೧. ರಂಗೋಲಿ ಮ್ಯಾಲ ಎಣ್ಣಿ

ನಮ್ಮ ಹಳೇ ಕಾರು ಅಂಗಳದಾಗ ಎಣ್ಣಿ ಸೋರಸ್ತಿತ್ತು. ನಮ್ಮತ್ತಿ ದಿನಾ ರಂಗೋಲಿ ಹಾಕೋದು, ಅದು ದಿನಾ ನಡುವ ಕರೇ ಬೊಟ್ಟು ಇಡೋದು. ಬಗ್ಗಿ ನೋಡಿದ್ರ ಎಂಜಿನ್ ಮುಂದ ಎಣ್ಣಿ ತಡಿಯೋ ಸೀಲು ಸವದು, ಎಂಜಿನ್ನಿನ ಚಕ್ರ ತಿರುಗಸೋ ಟೈಮಿಂಗ್ ಬೆಲ್ಟಿಗೂ ಎಣ್ಣಿ ಬಡದೈತಿ. ಎರಡೂ ಬದಲಿಸಬೇಕು.

ಸೋಮವಾರ ಸಿರುಗುಪ್ಪದಾಗ ನಾದಿನಿ ಮಗಳ ತೊಟ್ಟಿಲು. ಅತ್ತೀಗೆ ಹೆಣ್ಣು ಮೊಮ್ಮಗು ಅಂದ್ರ ಇದೊಂದೇ. ಮೊಣಕಾಲು ನೋವು, ಬಸ್ ಹತ್ತಾಕ ಆಗಂಗಿಲ್ಲ.

"ಗ್ಯಾರೇಜಿನವರು ಮುಂದಿನ ವಾರ ಅಂತಾರ. ತೊಟ್ಟಿಲಾನ ಮುಂದಕ್ಕ ಹಾಕ್ಸೂಣೇನು?" ಅಂದ್ರು ನಮ್ಮನಿಯವರು.

"ಏನೂ ಬ್ಯಾಡ್ರಿ. ನಾನೇ ಮಾಡ್ತೀನಿ."

"ಮಾಡವ್ವ," ಅಂದ್ರು ಅತ್ತಿ, "ಆದ್ರ ಗಾಡಿ ಹಿಂದಿನಿಂದ ಹಿಟ್ಟು ಬರಬಾರದು ನೋಡು."

೨. ಮಾವನ ಮರ್ಯಾದಿ

ಬೆಲ್ಟು ತಗೀಬೇಕಂದ್ರ ಮೊದಲು ಬಿಚ್ಚಬೇಕಾದ ಎಂಜಿನ್ ಮುಂದಿನ ದೊಡ್ಡ ಬೋಲ್ಟು ಜಪ್ಪಯ್ಯ ಅಂದ್ರೂ ಅಲ್ಲಾಡವಲ್ದು. ಎಂಜಿನ್ ತಿರುಗಬಾರದಂತ ಗಾಡಿ ಗೇರಿಗೆ ಹಾಕಿ, ಗಂಡನ್ನ ಒಳಗ ಕುಂದ್ರಿಸಿದೆ. "ಬ್ರೇಕ್ ಮ್ಯಾಲಿನ ಕಾಲು ತಗದ್ರ ನೋಡ್ರಿ ಮತ್ತ!" ಸ್ಪ್ಯಾನರಿಗೆ ಉದ್ದನ ಪೈಪು ಸಿಗಿಸಿ ಜೋತುಬಿದ್ದೆ. ಬೋಲ್ಟು ಕಿರ್ ಅಂತು. ಅಷ್ಟರಾಗ ಅವರ ಫೋನು ಬಡೀತು. ಕುರುಗೋಡಿನಿಂದ ನಮ್ಮಪ್ಪ.

ನಮ್ಮನಿಯವರು ಡೋರ್ ತಗದು, ಕೆಳಗಿಳಿದು ನೆಟ್ಟಗ ನಿಂತು, "ಹ್ಞೂಂರಿ ಮಾವಾರ" ಅಂದ್ರು. ಎಂಜಿನ್ ಗಿರ್ರನ ತಿರುಗಿತು. ನಾನು ಪೈಪಿನ ಸಮೇತ ನೆಲಕ್ಕ.

"ಯಾಕ್ ಎದ್ರಿ?"

"ಮಾವಾರ ಕೂಡ ಕುಂತು ಮಾತಾಡಾಕ ಬರ್ತೈತೇನು?"

ಫೋನ್ ಕಸಗೊಂಡು, "ಅಪ್ಪಾ, ನಿನ್ನ ಅಳಿಯಗ ಕುಂದ್ರಾಕ ಅಪ್ಪಣಿ ಕೊಡು" ಅಂದೆ. ಕೊಟ್ಟ. ಬೋಲ್ಟು ಬಂತು.

೩. ವಿಭೂತಿ ಗಟ್ಟಿ

ಗಿರಣಿ ಬೆಲ್ಟು ಹೆಂಗ ಹಾಕಿದ್ರೂ ತಿರಗತೈತಿ. ಇದು ಹಂಗಲ್ಲ. ಬೆಲ್ಟು ಕುಂದ್ರೋ ಮ್ಯಾಲಿನ ಚಕ್ರ, ಕೆಳಗಿನ ಚಕ್ರ ಮೊದಲಿದ್ದ ಜಾಗಕ್ಕೇ ಬರಬೇಕು. ಒಂದು ಹಲ್ಲು ತಪ್ಪಿದ್ರ ಎಂಜಿನ್ನೂ ಹೋತು, ಸಿರುಗುಪ್ಪನೂ ಹೋತು. ಗುರುತಿಗೆ ಸೀಮೆಸುಣ್ಣ ಸಿಗಲಿಲ್ಲ. ದೇವರ ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ತಂದು ಚಕ್ರಕ್ಕೊಂದು, ಅದರ ಎದುರಿಗೆ ಎಂಜಿನ್ನಿಗೊಂದು ಗೆರಿ ಎಳದೆ. ಹಳೇ ಬೆಲ್ಟು ಬಿಚ್ಚಿ, ಹೊಸ ಸೀಲು ಕುಂದ್ರಿಸಿ, ರೊಟ್ಟಿ ತಿನ್ನಾಕ ಒಳಗ ಹೋದೆ.

ಬಂದು ನೋಡಿದ್ರ ಎಲ್ಲಾ ಕಡಿ ಮೂರು ಮೂರು ಗೆರಿ! ಮ್ಯಾಲೊಂದು ಹೂವು. ಚಕ್ರ ಬ್ಯಾರೇ ಸರದಾವು.

"ಅತ್ತೀ, ಏನ್ ಮಾಡಿದ್ರಿ ಇದು!"

"ಒಂದೇ ಗೆರಿ ಎಳದು ಊಟಕ್ಕ ಹೋಗಿದ್ದಿ. ವಿಭೂತಿ ಅರ್ಧಾ ಬಿಡಬಾರದವ್ವ. ನಾನು ಪೂರಾ ಮಾಡೀನಿ."

"ಇದ್ರಾಗ ನನ್ನ ಗೆರಿ ಯಾವುದು?"

"ನಡುವಿಂದು. ಮ್ಯಾಲೊಂದು, ಕೆಳಗೊಂದು ನಂದು."

ದೇವರ ಮ್ಯಾಲ ಭಾರ ಹಾಕಿ, ನಡುವಿನ ಗೆರಿಗೆ ನಡುವಿನ ಗೆರಿ ಕೂಡಿಸಿ ಬೆಲ್ಟು ಏರಿಸಿದೆ. ಸ್ಪ್ಯಾನರಿನಿಂದ ಎಂಜಿನ್ನ ಮೆಲ್ಲಕ ಎರಡು ಸುತ್ತು ತಿರುಗಿಸಿದೆ, ಎಲ್ಲೂ ತಡೀಲಿಲ್ಲ. ಕೀಲಿ ತಿರುವಿದೆ. ಗಾಡಿ ಬುರ್ ಅಂತು! ಖುಷಿಗೆ ಅತ್ತೀನ ತಬ್ಬಿಕೊಂಡೆ, ಅವರ ಸೀರಿಗೆಲ್ಲಾ ಎಣ್ಣಿ.

ಸೋಮವಾರ ಸಿರುಗುಪ್ಪದಾಗ, ಮೊಮ್ಮಗಳ ತೊಟ್ಟಿಲು ತೂಗ್ತಿದ್ದ ಅತ್ತೀನ ಬೀಗ್ತಿ ಕೇಳಿದ್ರು: "ಎಂಜಿನ್ ಮನ್ಯಾಗೇ ಬಿಚ್ಚಿದ್ರಂತ? ಯಾರು ಮಾಡಿದ್ರು?"

ನಾನು ಸೆರಗು ಸರಿ ಮಾಡ್ಕೊಂಡು ಬಾಯಿ ತೆಗಿಯೋದ್ರಾಗ ಅತ್ತಿ ಅಂದ್ರು:

"ನಾವಿಬ್ಬರೂ ಸೇರಿ. ಆಕಿ ಒಂದು ಗೆರಿ, ನಾನು ಎರಡು."