ಮಂತ್ರಗಾತಿಗೊಂದು ಗಟ್ಟಿ ಅಂಗಿ

ಮಂತ್ರ ಹಾಕುವವರ ಮೈಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆ ನಿಮಗೆಂದೂ ಬಂದಿರಲಿಕ್ಕಿಲ್ಲ. ನನಗೂ ಬಂದಿರಲಿಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟು ನಾರಾಯಣಪೇಟೆಯ ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತವಳಿಗೆ ಅಂಥ ದೊಡ್ಡ ಪ್ರಶ್ನೆಗಳು ಬರುವುದಾದರೂ ಎಲ್ಲಿಂದ? ಅದನ್ನು ಮನೆಗೆ ತಂದವಳು ಮೊಮ್ಮಗಳು ಭವ್ಯ. ಎರಡು ವರ್ಷ ಶಾಲೆಯ ನಾಟಕದಲ್ಲಿ ಮರವಾಗಿ ಅಲುಗದೆ ನಿಂತ ನನ್ನ ಬಂಗಾರಕ್ಕೆ ಈ ಸಲ ಮಂತ್ರಗಾತಿಯ ಪಾತ್ರ ಸಿಕ್ಕಿತ್ತು! ಇಡೀ ಓಣಿಗೆ ಸಕ್ಕರೆ ಹಂಚಿದೆ. ಎದುರಾದ ಎಮ್ಮೆಗೂ ಸುದ್ದಿ ಹೇಳಿದೆ.

ಅವಳು ಅಂಗಿಯ ಚಿತ್ರ ಬರೆದು ತಂದಳು. "ಅಜ್ಜೀ, ತೋಳು ನೆಲಕ್ಕ ಹತ್ತಬೇಕು ನೋಡು."

"ಹುಚ್ಚವ್ವಾ, ಮಂತ್ರದ ಮದ್ದು ಕುದಿಯೋ ಕಡಾಯಿಗೆ ಮೊದಲ ಆ ತೋಳಾ ಬೀಳ್ತೈತಿ," ಎಂದೆ. ದಿನವಿಡೀ ಲಾಳಿ ಎಸೆಯುವವಳಿಗೆ ಜೋತಾಡುವ ತೋಳಿನ ಕಷ್ಟ ಗೊತ್ತು. ಮೊಣಕೈವರೆಗೆ ಸಾಕು. ನೂಲು ಹತ್ತಿಯದೇ ಆಗಬೇಕು; ಕಿಡಿ ಬಿದ್ದರೆ ನೈಲಾನು ಮೈಗೆ ಅಂಟುತ್ತದೆ. ಗಾಳಿಗೆ ಹಾರದಂತೆ ಕೆಳಗೆ ದಪ್ಪ ಅಂಚು. ಉದ್ದ ಪಾದದ ಮೇಲೆಯೇ ನಿಲ್ಲಬೇಕು, ಮಂತ್ರ ಕೈಕೊಟ್ಟರೆ ಓಡಬೇಕಲ್ಲ? ಗುಂಡಿಯಂತೂ ಬೇಡವೇ ಬೇಡ. ಮಂತ್ರ ತಿರುಗಿ ಬಿದ್ದು ಬೆರಳೆಲ್ಲ ಗೊರಸಾದರೆ ಬಿಚ್ಚುವುದು ಹೇಗೆ? ಹಲ್ಲಿನಿಂದ ಎಳೆದರೂ ಬಿಚ್ಚುವಂಥ ಲಾಡಿ ಇಟ್ಟೆ.

ನಮ್ಮ ಯಜಮಾನರು ಚಹಾ ಹೀರುತ್ತ ನಕ್ಕರು. "ಮೈ ಸುಟ್ರ ಮಂತ್ರ ಹೇಳಿ ವಾಸಿ ಮಾಡ್ಕೊಂತಾಳ ಬಿಡ."

"ಸುಟ್ಟಾಗ ಬಾಯಿಗೆ ಬರೋದು ಯವ್ವಾ ಅನ್ನೋದೊಂದಾ ರೀ. ಮಂತ್ರ ಎಲ್ಲಿ ನೆನಪಾಗ್ತೈತಿ?"

ಇಷ್ಟೆಲ್ಲ ಯೋಚಿಸಿದ ನಾನು ಒಂದು ಕಡೆ ಎಡವಿದೆ. ನಮ್ಮಲ್ಲಿ ಮಗ್ಗಕ್ಕೆ ಒಮ್ಮೆ ಹಾಸಿನ ನೂಲು, ಅಂದರೆ ಉದ್ದದ ಎಳೆ, ಏರಿಸಿದರೆ ಎಂಟು ಸೀರೆಗೆ ಆಗುವಷ್ಟು ಏರಿಸುವುದು ರೂಢಿ. ನಲವತ್ತು ವರ್ಷ ಪಳಗಿದ ಕೈ, ಕೇಳದೆಯೇ ಎಂಟು ಅಂಗಿಗೆ ಏರಿಸಿಬಿಟ್ಟಿತ್ತು. ಏರಿಸಿದ ಹಾಸನ್ನು ಅರ್ಧಕ್ಕೆ ಕತ್ತರಿಸಲು ಜೀವ ಒಪ್ಪೀತೇ? ಎಂಟನ್ನೂ ನೇಯ್ದೆ, ಹೊಲಿಸಿದೆ.

ಭವ್ಯ ಗಂಟು ಬಿಚ್ಚಿ ಎಣಿಸಿದಳು. ಕಣ್ಣು ತುಂಬಿ ಬಂತು. "ನಾಟಕದಾಗ ಇರೋರಾ ಎಂಟು ಹುಡುಗೇರು. ಇದನ್ನ ನೋಡಿದ್ರ ಎಲ್ಲಾರೂ ಮಂತ್ರಗಾತಿ ಆಗ್ತೀವಿ ಅಂತಾರ. ನಾ ಮತ್ತ ಮರ ಆಗ್ಲೇನು?"

"ಏಳು ಅಂಗಿ ಬಚ್ಚಿಡ್ತೀನಿ, ಅಳಬ್ಯಾಡ," ಎಂದೆ. ಅವಳು ಮೂಗು ಒರೆಸಿಕೊಂಡು ಒಂದು ಅಂಗಿ ತೊಟ್ಟು, ಲಾಡಿಯನ್ನು ಹಲ್ಲಿನಿಂದ ಎಳೆದು ನೋಡಿ, ಏನೋ ಯೋಚಿಸಿ, ಎಂಟನ್ನೂ ಶಾಲೆಗೆ ಹೊತ್ತೊಯ್ದಳು. ಸಂಜೆ ಕುಣಿಯುತ್ತ ಬಂದಳು.

"ಅಜ್ಜೀ, ಹಲ್ಲಿಲೆ ಲಾಡಿ ಬಿಚ್ಚೋದು ನನಗೊಬ್ಬಾಕಿಗೇ ಗೊತ್ತಲ್ಲ, ನಾನಾ ಗುರು! ಅವರೆಲ್ಲಾ ಶಿಷ್ಯರು. ಆದ್ರ ರಾಜಾನ ಪಾತ್ರದಾಕಿನೂ ಅಂಗಿ ಹಾಕ್ಕೊಂಡು ಬಿಟ್ಟಾಳ. ಮಂತ್ರ ಹಾಕಿಸ್ಕೊಂಡು ಕಪ್ಪಿ ಆಗೋರು ಯಾರೂ ಉಳಿದಿಲ್ಲ. ನಿನ್ನ ಹೆಸರು ಹೇಳಿ ಬಂದೀನಿ."

ಹೀಗೆ ನಾನು ರಂಗವೇರಿದೆ. ನನ್ನ ಬಂಗಾರ ಗುರುವಿನ ಗತ್ತಿನಲ್ಲಿ ಕೈಯೆತ್ತಿದ್ದೇ ತಡ, ಎಂಟೂ ಮಂತ್ರಗಾತಿಯರ ಎಂಟು ಚೊಂಬು ಅರಿಶಿನದ ಮಂತ್ರದ ನೀರು ಒಮ್ಮೆಲೇ ನನ್ನ ಮೇಲೆ ಬಿತ್ತು. ಉಟ್ಟದ್ದು ಮದುವೆಯ ರೇಷ್ಮೆ ಸೀರೆ. ಮಂತ್ರ ಹಾಕುವವರ ಮೈಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡವಳು, ಮಂತ್ರ ಹಾಕಿಸಿಕೊಳ್ಳುವವರ ಮೈಯನ್ನು ಮರೆತೇಬಿಟ್ಟಿದ್ದೆ. ಆದರೂ ಹೇಳುತ್ತೇನೆ, ಅಷ್ಟು ಸಂತೋಷದಿಂದ ವಟಗುಟ್ಟಿದ ಕಪ್ಪೆಯನ್ನು ನಮ್ಮೂರು ಹಿಂದೆಂದೂ ನೋಡಿರಲಾರದು.