ಇಫ್ರಾಳ ಬೂದು ಜೋಡಾ

ಗೌರಿಬಿದನೂರಿನ ಬಳೆ ಅಂಗಡಿಯಿಂದ ಅತ್ತೆ ಖತೀಜಾ ಬೀ ಫೋನ್ ಮಾಡಿದಾಗ ನಾನು ಚಿಕ್ಕಬಳ್ಳಾಪುರದ ಮನೆಯಲ್ಲಿ ಕುಳಿತು, ನಾನೇ ತೆಗೆದ ಕಪ್ಪುಬಿಳುಪು ಫೋಟೊದ ಕಪ್ಪನ್ನು ಸವಿಯುತ್ತಿದ್ದೆ. ಕಪ್ಪೆಂದರೆ ಮಸಿಯಲ್ಲ, ಮಡಿಕೆಯೊಳಗಿನ ಎಳೆಯೂ ಕಾಣುವ ಕಪ್ಪು. ಜರಿಯ ಬಿಳುಪೂ ಸುಣ್ಣ ಬಳಿದಂತೆ ಸತ್ತಿರಲಿಲ್ಲ. ಎರಡರ ನಡುವೆ ಬೂದುಬಣ್ಣದ ಅಖಂಡ ಸಾಮ್ರಾಜ್ಯ.

ಫೋನ್ ತೆಗೆದುಕೊಂಡ ನನ್ನ ಹೆಂಡತಿ ಸಾಬ್ರೀನ್ ಸ್ಪೀಕರ್ ಹಾಕಿ ನನ್ನತ್ತ ತಿರುಗಿದಳು. (ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಅಕ್ಕಪಕ್ಕದವರಿಗೂ ಅನುಕೂಲವಾಗಲೆಂದು.)

"ಅಮ್ಮೀ ಕೇಳ್ತಿದಾರೆ. ಜೋಡಾ ಯಾವ ಬಣ್ಣ?"

ನಾಡಿದ್ದು ನಾದಿನಿ ಇಫ್ರಾಳ ನಿಕಾಹ್. ಜೋಡಾ, ಅಂದರೆ ಮದುಮಗಳ ಉಡುಪು, ಗಂಡಿನ ಕಡೆಯವರದು. ಅದಕ್ಕೆ ಒಪ್ಪುವ ಬಳೆ ನಮ್ಮದು. ಹಾಗಾಗಿ ಹಿರಿಯ ಅಳಿಯನಾದ ನನ್ನನ್ನು ಬೆಳಿಗ್ಗೆ ಶಿಡ್ಲಘಟ್ಟದ ಬೀಗರ ಮನೆಗೆ ಅಟ್ಟಿದ್ದರು, ಜೋಡಾದ ಫೋಟೊ ತೆಗೆದು ಕಳಿಸಲು. ಮೊಬೈಲಿನಲ್ಲಿ ಒಂದು ಕ್ಲಿಕ್ ಸಾಕಿತ್ತು. ನಾನು ಕ್ಯಾಮೆರಾ ಒಯ್ದೆ, ಅದನ್ನು ಕಪ್ಪುಬಿಳುಪಿಗೇ ಕಟ್ಟಿಹಾಕಿದೆ. ಕಿಟಕಿ ಮುಚ್ಚಿಸಿದೆ, ತೆಗೆಸಿದೆ, ಬೆಳಕು ಪುಟಿಯಲೆಂದು ಬೀಗರ ಕೈಯಲ್ಲಿ ಬಿಳಿ ಬೆಡ್‌ಶೀಟ್ ಹಿಡಿಸಿದೆ. ಅವರು ಗಂಡಿನ ಕಡೆಯವರೆಂಬುದನ್ನು ಕಲೆಯ ಆವೇಶದಲ್ಲಿ ಮರೆತಿದ್ದೆ.

"ಫೋಟೊ ಕಳಿಸಿದೀನಲ್ಲ," ಎಂದೆ.

"ಅದು ಬಟ್ಟೆನಾ, ಒಲೆಯಿಂದ ತೆಗೆದಿದ್ದಾ ಅಂತ ಅಮ್ಮೀಗೆ ಗೊತ್ತಾಗ್ತಿಲ್ಲ."

"ಟೋನ್ ನೋಡೋಕೆ ಹೇಳು."

"ಟೋನ್‌ಗೆ ಬಳೆ ಸಿಗಲ್ಲ ಕಣ್ರೀ. ಬಣ್ಣ ಹೇಳಿ."

ಬೆಳಿಗ್ಗೆ ಅಷ್ಟು ಹೊತ್ತೂ ಜೋಡಾವನ್ನು ಕ್ಯಾಮೆರಾದ ಪರದೆಯಲ್ಲೇ ನೋಡಿದ್ದೆ. ಅಲ್ಲಿ ಕೆಂಪೂ ಹಸಿರೂ ಒಂದೇ ಬೂದು.

"ಕೆಂಪು," ಎಂದೆ. "ಇಲ್ಲಾಂದ್ರೆ ಹಸಿರು."

"ಅವೆರಡಕ್ಕೂ ಏನ್ರೀ ಸಂಬಂಧ?"

"ಕಪ್ಪುಬಿಳುಪಲ್ಲಿ ತುಂಬಾ ಹತ್ತಿರದ ಸಂಬಂಧ. ಬೀಗರನ್ನೇ ಒಂದ್ಮಾತು ಕೇಳಿಬಿಡು."

"ಏನಂತ ಕೇಳ್ಲಿ? ನಮ್ಮನೆಯವರು ಬೆಳಗ್ಗೆಯೆಲ್ಲ ಜೋಡಾ ಮುಂದೆ ಕೂತಿದ್ರು, ಬಣ್ಣ ಮಾತ್ರ ಕಾಣಲಿಲ್ಲ ಅಂತಾನಾ? ಇಫ್ರಾ ಆ ಮನೇಲಿ ಬಾಳ್ಬೇಕು."

ಅಷ್ಟರಲ್ಲಿ ಅಂಗಡಿಯಲ್ಲಿದ್ದ ಇಫ್ರಾ ತಾಯಿಯ ಕೈಯಿಂದ ಫೋನ್ ಕಿತ್ತುಕೊಂಡಳು. "ದುಲ್ಹೇಭಾಯ್, ಮ್ಯಾಚ್ ಆಗದ ಬಳೆ ತೊಟ್ಕೊಂಡು ನಾನು ಅಷ್ಟು ಜನರ ಮುಂದೆ ಕೂರಲ್ಲ. ಹೋಗ್ಲಿ, ನಿಮ್ಮ ಮದುವೇಲಿ ನಮ್ಮಕ್ಕನ ಜೋಡಾ ಯಾವ ಬಣ್ಣ ಇತ್ತು, ಅದನ್ನಾದ್ರೂ ಹೇಳಿ ನೋಡಣ."

ಸಾಬ್ರೀನ್ ಸೊಂಟಕ್ಕೆ ಕೈಯಿಟ್ಟು ಕಾದಳು. ಕೆಂಪು ಇಲ್ಲಾಂದ್ರೆ ಹಸಿರು ಎನ್ನಬಾರದೆಂಬಷ್ಟು ಬುದ್ಧಿ ನನಗಿತ್ತು. ಕ್ಯಾಮೆರಾದ ಲೆನ್ಸ್ ಒರೆಸತೊಡಗಿದೆ.

ಕೊನೆಗೆ ಅತ್ತೆಯೇ ತೀರ್ಪಿತ್ತರು: ಎರಡೂ ಬಣ್ಣದ ಬಳೆ ಕೊಳ್ಳೋಣ, ಜೋಡಾ ಬಂದ ಮೇಲೆ ಒಪ್ಪಿದ್ದನ್ನು ತೊಡಿಸೋಣ. ನಾನು ನಿಟ್ಟುಸಿರು ಬಿಟ್ಟೆ.

"ಅಮ್ಮೀ, ಉಳಿದ ಬಳೆ ನನಗಿರಲಿ," ಎಂದಳು ಸಾಬ್ರೀನ್, ನನ್ನ ಮುಖದಿಂದ ಕಣ್ಣು ಕೀಳದೆ. "ಅದಕ್ಕೊಪ್ಪೋ ರೇಷ್ಮೆ ಸೀರೆ ಇವರು ಕೊಡಿಸ್ತಾರೆ."

ಸೋಮವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಸೀರೆ ಅಂಗಡಿ ಹತ್ತಕ್ಕೆ ತೆರೆಯುತ್ತದೆ.